ಕಡಲು ಕೊರೆದ ಗುಹೆಗೆ ಅಲೆ ಏಕೆ ತಲುಪುವುದಿಲ್ಲ?

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅರಾನ್ ದ್ವೀಪದಲ್ಲಿ ‘ಕಿಂಗ್ಸ್ ಕೇವ್’ ಎಂಬ ಮರಳುಗಲ್ಲಿನ ಗುಹೆಯನ್ನು ನೋಡಿದೆವು. ಅದನ್ನು ಕಡಲೇ ಕೊರೆದದ್ದಂತೆ. ಆದರೆ ಭರತದ ಹೊತ್ತಿನಲ್ಲೂ ಅಲೆಗಳು ಅಲ್ಲಿಗೆ ಬರುವುದಿಲ್ಲ. ಕಡಲು ತಗ್ಗಿತೇ, ನೆಲ ಏರಿತೇ? ಬಾದಾಮಿಯದೂ ಮರಳುಗಲ್ಲೇ ಅಲ್ಲವೇ, ಅಲ್ಲಿನ ಗುಹೆಗಳೂ ಹೀಗೆಯೇ ಆದವೇ?
– ಒಬ್ಬ ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಏರಿದ್ದು ನೆಲ. ಹಿಮಯುಗದಲ್ಲಿ ಸ್ಕಾಟ್ಲೆಂಡನ್ನು ಮುಚ್ಚಿದ್ದ ಹಿಮರಾಶಿಯ ಭಾರಕ್ಕೆ ಅಲ್ಲಿನ ಭೂಚಿಪ್ಪು ತಗ್ಗಿತ್ತು. ಹಿಮ ಕರಗಿ ಭಾರ ಇಳಿದ ಮೇಲೆ, ಆಳದಲ್ಲಿ ಪಕ್ಕಕ್ಕೆ ಸರಿದಿದ್ದ ಬಿಸಿ ಶಿಲಾದ್ರವ್ಯವು ಬಹು ನಿಧಾನವಾಗಿ ಹಿಂದಿರುಗಿ ನೆಲವನ್ನು ಮೇಲೆತ್ತತೊಡಗಿತು. ಅದೇ ಕಾಲದಲ್ಲಿ ಜಗತ್ತಿನ ಹಿಮರಾಶಿಗಳು ಕರಗುತ್ತಾ ಕಡಲಮಟ್ಟವೂ ಸುಮಾರು 120 ಮೀಟರ್ ಏರಿತು ಎಂಬುದೇ ಇಲ್ಲಿನ ಸೋಜಿಗ. ಕೆಲಕಾಲ ಕಡಲೇ ಮುಂದಿತ್ತು. ಸುಮಾರು 6,000–7,000 ವರ್ಷಗಳ ಹಿಂದೆ ಅದರ ಏರಿಕೆ ಮಂದವಾಯಿತು, ನೆಲದ್ದು ನಿಲ್ಲಲಿಲ್ಲ. ಆದ್ದರಿಂದ ಅಂದಿನ ಕಡಲದಂಡೆ, ಅದರ ಬೆನ್ನಿಗಿದ್ದ ಕಡಿದಾದ ಬಂಡೆ, ಬಂಡೆಯ ಬುಡದ ಗುಹೆ ಎಲ್ಲವೂ ಅಲೆಗೆ ಎಟುಕದ ಎತ್ತರಕ್ಕೆ ಹೋದವು. ಇಂಥ ದಂಡೆಯನ್ನು ಅಲ್ಲಿ ಬಹುಕಾಲ ‘25 ಅಡಿ ದಂಡೆ’ ಎಂದೇ ಕರೆಯುತ್ತಿದ್ದರು. ಆ ಅಂಕಿಯನ್ನು ಹಾಗೆಯೇ ನಂಬಬೇಕಾಗಿಲ್ಲ: ಹಿಮ ದಪ್ಪವಾಗಿದ್ದಲ್ಲಿ ನೆಲ ಹೆಚ್ಚು ಏರಿದೆ, ಅಂಚಿನಲ್ಲಿ ಕಡಿಮೆ. ಸ್ವೀಡನ್ನಿನ ‘ಹೈ ಕೋಸ್ಟ್’ ಪ್ರದೇಶದಲ್ಲಂತೂ ಹಳೆಯ ದಡದ ಗುರುತು ಈಗ ಸುಮಾರು 285 ಮೀಟರ್ ಎತ್ತರದಲ್ಲಿದೆ.

ಇನ್ನು ಕಲ್ಲಿನ ಮಾತು. ನಿಮ್ಮ ಮನೆಗೆ ಹತ್ತಿರದ ಲಾಲ್‌ಬಾಗಿನ ಬಂಡೆಯಲ್ಲಿ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮರಳುಗಲ್ಲಿನಲ್ಲಾದರೋ ಮರಳಿನ ಕಣಗಳನ್ನು ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ಅಂಟು ಹಿಡಿದಿರುತ್ತದೆ, ಆ ಅಂಟು ಎಲ್ಲ ಪದರಗಳಲ್ಲೂ ಒಂದೇ ಬಿಗಿಯಲ್ಲಿರುವುದಿಲ್ಲ. ಅಲೆ ಅಪ್ಪಳಿಸಿದಾಗ ಬಿರುಕಿನಲ್ಲಿ ಸಿಕ್ಕಿದ ಗಾಳಿ ಒತ್ತಿಕೊಂಡು ಬಿರುಕನ್ನು ಅಗಲಿಸುತ್ತದೆ, ಅಲೆಯೊಡನೆ ಬರುವ ಉರುಟುಕಲ್ಲುಗಳು ಬುಡವನ್ನು ಉಜ್ಜುತ್ತವೆ, ನೀರು ಆರಿದ ಮೇಲೆ ಉಳಿದ ಉಪ್ಪು ಹರಳುಗಟ್ಟುತ್ತಾ ಕಣಗಳನ್ನು ಉದುರಿಸುತ್ತದೆ.

ಬಾದಾಮಿಯ ಪ್ರಸಿದ್ಧ ಗುಹಾಲಯಗಳು ಮಾತ್ರ ಪೂರ್ತಿ ಚಾಲುಕ್ಯರ ಶಿಲ್ಪಿಗಳ ಕೆಲಸ. ಮೂರನೆಯ ಗುಹೆಯಲ್ಲಿ ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವೇ ಇದೆ. ಅಲ್ಲಿನ ಕಂಬ, ಗೋಡೆಗಳ ಅಂಚು ಉಳಿಯೇಟಿಗೆ ನೇರವಾಗಿದೆ. ಕಡಲು ಕೊರೆದ ಗುಹೆ ಸಾಮಾನ್ಯವಾಗಿ ಬಿರುಕನ್ನೇ ಹಿಡಿದು ಒಳಗೊಳಗೆ ಕಿರಿದಾಗುತ್ತಾ ಹೋಗುತ್ತದೆ, ಅದರ ನೆಲದಲ್ಲಿ ಅಲೆ ಉರುಳಿಸಿ ನುಣುಪಾಗಿಸಿದ ಕಲ್ಲುಗಳು ಸಿಗುತ್ತವೆ.