ಯುದ್ಧನೌಕೆಯ ನ್ಯಾವಿಗೇಶನ್, ಸ್ಟಿಯರಿಂಗ್ ನಿಯಂತ್ರಣಕ್ಕೆ ಎಂಜಿನಿಯರಿಂಗ್ ಗುತ್ತಿಗೆ: ಏನೇನು ಬರೆಸಿಕೊಳ್ಳಬೇಕು?

ಎಂಜಿನಿಯರ್‌ಗಳನ್ನು ತಿಂಗಳ ಲೆಕ್ಕದಲ್ಲಿ ತೆಗೆದುಕೊಳ್ಳುವುದೋ, ಕೆಲಸದ ಲೆಕ್ಕದಲ್ಲೋ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಗುತ್ತಿಗೆದಾರರ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಇತ್ಯರ್ಥವಾಗಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಎರಡು ಉಪಕರಣ ಕೂಡುವ ಜಾಗದಲ್ಲೇ.

ಚುಕ್ಕಾಣಿಯ ಹಂಟಿಂಗ್ ನೋಡಿ. 10 ಡಿಗ್ರಿ ಕೊಟ್ಟರೆ ಅಲ್ಲಿ ನಿಲ್ಲದೆ 9ಕ್ಕೂ 11ಕ್ಕೂ ಓಲಾಡುತ್ತದೆ. ಆಟೊಪೈಲಟ್‌ನವರು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಚುಕ್ಕಾಣಿ ತಿರುಗಿಸುವ ಯಂತ್ರ) ಕಡೆ ಬೆರಳು ತೋರಿಸುತ್ತಾರೆ, ಹೈಡ್ರಾಲಿಕ್‌ನವರು ಎಲೆಕ್ಟ್ರಾನಿಕ್ಸ್ ಕಡೆ. ಸ್ಟಿಯರಿಂಗ್ ಗೇರ್ ಕೋಣೆಗೆ ಇಳಿದು ಲೋಕಲ್ ಕಂಟ್ರೋಲ್‌ನಲ್ಲಿ, ಅಂದರೆ ಯಂತ್ರದ ಪಕ್ಕದಿಂದಲೇ, ಚುಕ್ಕಾಣಿ ತಿರುಗಿಸಿ ಬಿಡಿ. ಬಿಟ್ಟಲ್ಲೇ ನಿಲ್ಲದೆ ಜಾರಿದರೆ ವಾಲ್ವ್ ಅಥವಾ ಸಿಲಿಂಡರ್ ಸೀಲ್‌ನಲ್ಲಿ ಸೋರಿಕೆ ಹುಡುಕಿ. ಗಟ್ಟಿಯಾಗಿ ನಿಂತರೆ ಅನುಮಾನ ಫೀಡ್‌ಬ್ಯಾಕ್ ಯೂನಿಟ್ (ಚುಕ್ಕಾಣಿ ಎಷ್ಟು ತಿರುಗಿದೆ ಎಂದು ತಿಳಿಸುವ ಸಾಧನ) ಮೇಲೆ. ಪಂಪ್ ನಿಲ್ಲಿಸಿ ಅದರ ಲಿಂಕ್ ಹಿಡಿದು ಅಲ್ಲಾಡಿಸಿ. ಟಿಲ್ಲರ್ (ಚುಕ್ಕಾಣಿಯ ದಂಡವನ್ನು ತಿರುಗಿಸುವ ತೋಳು) ಅಲುಗದೆ ರೀಡಿಂಗ್ ಬದಲಾದರೆ ಲಿಂಕ್‌ನ ಪಿನ್ ಸವೆದಿರುವ ಸಾಧ್ಯತೆ ಹೆಚ್ಚು. ಈ ಲಿಂಕ್ ಯಾರ ಪಾಲಿಗೆ ಎಂದು ಗುತ್ತಿಗೆಯಲ್ಲಿ ಬರೆಯದಿದ್ದರೆ ಇಷ್ಟು ಚಿಕ್ಕ ಪಿನ್ನಿಗಾಗಿ ಹಡಗು ದಕ್ಕೆಯಲ್ಲೇ ಕೂರುತ್ತದೆ.

ಪರೀಕ್ಷೆಯ ಅಂಕಿಗಳನ್ನು ನಮೂದಿಸಿ. ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ಪೂರ್ಣ ವೇಗದಲ್ಲಿ ಚುಕ್ಕಾಣಿ ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30ಕ್ಕೆ 28 ಸೆಕೆಂಡಿನೊಳಗೆ ಬರಬೇಕು. ಯುದ್ಧನೌಕೆಗಳಿಗೆ ಸೋಲಾಸ್ ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮ ಹಡಗಿನ ವಿನ್ಯಾಸದ ಅಂಕಿ ಗುತ್ತಿಗೆಯಲ್ಲೇ ಇರಬೇಕು. ಬಂದರಿನಲ್ಲಿ ಚುಕ್ಕಾಣಿಯ ಮೇಲೆ ಹರಿಯುವ ನೀರಿನ ಒತ್ತಡ ಇರುವುದಿಲ್ಲ. ಅಲ್ಲಿ ಪಾಸಾದದ್ದು ಸಮುದ್ರದಲ್ಲಿ ಫೇಲಾಗಬಹುದು. ಆದ್ದರಿಂದ ಸಮುದ್ರ ಪರೀಕ್ಷೆಗೂ ಗುತ್ತಿಗೆದಾರರ ಎಂಜಿನಿಯರ್ ಬರಲೇಬೇಕು.

ನ್ಯಾವಿಗೇಶನ್ ಕಡೆ ಇಂಟರ್‌ಫೇಸ್ ಪಟ್ಟಿಯೇ ಜೀವಾಳ. ಗೈರೊಕಂಪಾಸ್‌ (ನಿಜವಾದ ಉತ್ತರ ತೋರಿಸುವ ದಿಕ್ಸೂಚಿ) ಕೊಡುವ ಹೆಡಿಂಗ್, ಅಂದರೆ ಹಡಗಿನ ಮುಖದ ದಿಕ್ಕು, ಯಾವ ಯಾವ ಉಪಕರಣಕ್ಕೆ, ಯಾವ ರೂಪದಲ್ಲಿ, ಯಾವ ವೇಗದಲ್ಲಿ ಹೋಗುತ್ತದೆ ಎಂದು ಸಾಲುಸಾಲಾಗಿ ಬೇಕು. ಹಳೆಯ ರಡಾರ್ ಸಿಂಕ್ರೊ (ಕೋನವನ್ನು ತಿಳಿಸುವ ಹಳೆಯ ಅನಲಾಗ್) ಸಿಗ್ನಲ್ ಕೇಳಬಹುದು, ಇನ್ನೊಂದು ಉಪಕರಣ 4800 ಬಾಡ್ (ಡೇಟಾ ಕಳಿಸುವ ವೇಗ) ಇರುವ ಎನ್‌ಎಂಇಎ 0183 ಎಂಬ ಡಿಜಿಟಲ್ ರೂಪ ಕೇಳಬಹುದು. ಪಟ್ಟಿಯಿಲ್ಲದೆ ಗೈರೊ ಬದಲಿಸಿದರೆ ಯಾವುದಕ್ಕೆ ಹೆಡಿಂಗ್ ನಿಂತುಹೋಗಿದೆ ಎಂಬುದು ಹಡಗು ಹೊರಟ ಮೇಲೆ ಗೊತ್ತಾಗುತ್ತದೆ.

ತರಬೇತಿಯನ್ನು ಉಚಿತ ಸೇವೆಯೆಂದು ಕೊನೆಗೆ ಸೇರಿಸಬೇಡಿ, ಅದಕ್ಕೆ ಹಣ ಇಡಿ. 2017ರ ಆಗಸ್ಟ್ 21ರಂದು ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಜಾನ್ ಎಸ್. ಮೆಕೇನ್ ಸಿಂಗಾಪುರದ ಬಳಿ ಟ್ಯಾಂಕರ್‌ಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಥ್ರಾಟಲ್ (ವೇಗದ ನಿಯಂತ್ರಣ) ಮಾತ್ರ ಪಕ್ಕದ ಕನ್ಸೋಲ್‌ಗೆ ಕೊಡಲು ಹೋದಾಗ ಸ್ಟಿಯರಿಂಗ್ ಕೂಡ ಅಲ್ಲಿಗೆ ವರ್ಗವಾಗಿತ್ತು; ಸಿಬ್ಬಂದಿ ಚುಕ್ಕಾಣಿಯೇ ಕೆಟ್ಟಿತೆಂದುಕೊಂಡರು. ನಿಯಂತ್ರಣ ವರ್ಗಾವಣೆಯ ಲಿಖಿತ ಕ್ರಮ, ಸಿಬ್ಬಂದಿ ಬದಲಾದಾಗ ಮರುತರಬೇತಿ, ಎರಡೂ ಕೆಲಸದ ಪಟ್ಟಿಯಲ್ಲಿರಲಿ.

ಇನ್ನು ಹಣದ ವಿಷಯ. ನಿಗದಿತ ತಪಾಸಣೆಗೆ ಒಟ್ಟು ಮೊತ್ತ, ದಿಢೀರ್ ರಿಪೇರಿಗೆ ಗಂಟೆ ಲೆಕ್ಕ ಮತ್ತು ಅದಕ್ಕೊಂದು ಗರಿಷ್ಠ ಮಿತಿ, ಬಿಡಿಭಾಗಕ್ಕೆ ಪ್ರತ್ಯೇಕ ಬಿಲ್. ಎಷ್ಟು ಗಂಟೆಯಲ್ಲಿ ಬರಬೇಕು ಎನ್ನುವಾಗ ಗಡಿಯಾರ ಯಾವಾಗ ಶುರು ಎಂಬುದನ್ನೂ ಬರೆಯಿರಿ: ಕರೆ ಬಂದಾಗಲೋ, ಬಂದರಿನ ಪಾಸ್ ಸಿಕ್ಕಾಗಲೋ? ಸಾಫ್ಟ್‌ವೇರ್ ಇನ್‌ಸ್ಟಾಲರ್, ಸೆಟ್ಟಿಂಗ್‌ಗಳ ಬ್ಯಾಕಪ್, ಪಾಸ್‌ವರ್ಡ್, ತಿದ್ದಿದ ವೈರಿಂಗ್ ನಕ್ಷೆ ಇವೆಲ್ಲ ನಿಮ್ಮ ಕೈಸೇರುವವರೆಗೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ.