ಹೊಸ ಸ್ಟೀರಿಯೋ, ಹಳೆಯ ಸ್ಪೀಕರು

ಪ್ರಶ್ನೆ: ನನ್ನ ಕಾರಿಗೆ ಏಳು ವರ್ಷವಾಗಿದೆ. ಕಂಪನಿಯವರೇ ಕೂರಿಸಿದ್ದ ಸ್ಟೀರಿಯೋ ತೆಗೆಸಿ, ‘50 ವ್ಯಾಟ್ × 4’ ಎಂದು ಬರೆದಿರುವ ಹೊಸದನ್ನು ಹಾಕಿಸಬೇಕೆಂದಿದ್ದೇನೆ. ಬಾಗಿಲುಗಳಲ್ಲಿರುವ ಸ್ಪೀಕರುಗಳ ಮೇಲೆ 25 ವ್ಯಾಟ್ ಎಂದಿದೆ. ಅವು ಹರಿದುಹೋಗುತ್ತವೆ ಎಂದು ಸ್ನೇಹಿತರು ಹೆದರಿಸುತ್ತಾರೆ. ಮಳೆಗಾಲದಲ್ಲಿ ಆಗುಂಬೆಯ ದಾರಿಯಲ್ಲಿ ಈಗಿರುವ ಸ್ಟೀರಿಯೋದಿಂದ ಹಾಡೇ ಕೇಳಿಸುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಧೈರ್ಯವಾಗಿ ಹಾಕಿಸಿ. ಡಬ್ಬಿಯ ಮೇಲಿನ 50 ವ್ಯಾಟ್ ಎಂಬುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಇಂತಹ ಸ್ಟೀರಿಯೋಗಳು ಎಡೆಬಿಡದೆ ಕೊಡಬಲ್ಲದ್ದು, ಅಂದರೆ ಆರ್‌ಎಂಎಸ್ ಶಕ್ತಿ, ಸಾಮಾನ್ಯವಾಗಿ ಪ್ರತಿ ಸ್ಪೀಕರಿಗೆ 15ರಿಂದ 22 ವ್ಯಾಟ್ ಮಾತ್ರ. ನಿಮ್ಮ ಸ್ಪೀಕರಿನ 25 ವ್ಯಾಟ್ ಆರ್‌ಎಂಎಸ್ ಲೆಕ್ಕವೇ ಆಗಿದ್ದರೆ ಅಂಕಿಗಳಿಂದ ಭಯವಿಲ್ಲ.

ಸ್ಪೀಕರನ್ನು ಬಹುಮಟ್ಟಿಗೆ ಕೊಲ್ಲುವುದು ಒಡೆದ ದನಿ. ಸ್ಟೀರಿಯೋ ತನ್ನ ಮಿತಿಯನ್ನು ಮೀರಿ ದುಡಿಯುವಾಗ ಧ್ವನಿಯ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಆಗ ಸ್ಪೀಕರಿಗೆ ಹೋಗುವ ಶಕ್ತಿಯೂ ಹೆಚ್ಚುತ್ತದೆ, ಕರ್ಕಶವಾದ ಮೇಲ್ದನಿಗಳೂ ಹುಟ್ಟಿಕೊಂಡು ಟ್ವೀಟರಿನ, ಅಂದರೆ ಮೇಲ್ದನಿ ನುಡಿಸುವ ಪುಟ್ಟ ಸ್ಪೀಕರಿನ, ಕೂದಲೆಳೆಯಂತಹ ತಂತಿಸುರುಳಿಯನ್ನು (ಕಾಯಿಲು) ಕಾಯಿಸಿ ಸುಡುತ್ತವೆ. ಆದ್ದರಿಂದ ಮೊದಲ ದಿನವೇ ಮಿತಿ ಗೊತ್ತುಮಾಡಿಕೊಳ್ಳಿ. ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಗಿಟ್ಟು, ಲೌಡ್‌ನೆಸ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿ, ನಿಮಗೆ ಚೆನ್ನಾಗಿ ಪರಿಚಯವಿರುವ ಶುದ್ಧ ಮುದ್ರಣದ ಹಾಡೊಂದನ್ನು ಹಾಕಿ ವಾಲ್ಯೂಮನ್ನು ನಿಧಾನವಾಗಿ ಏರಿಸುತ್ತ ಹೋಗಿ. ಗಾಯಕರ ದನಿ ಎಲ್ಲಿ ಗೊಗ್ಗರಾಗುತ್ತದೆಯೋ ಅಲ್ಲಿಂದ ಎರಡು ಮೂರು ಅಂಕಿ ಕೆಳಗಿನದೇ ನಿಮ್ಮ ಎಲ್ಲೆ. ಸ್ಟೀರಿಯೋದ ಸೆಟ್ಟಿಂಗಿನಲ್ಲಿ ಹೈಪಾಸ್ ಫಿಲ್ಟರ್ (ಕೆಳದನಿಗಳನ್ನು ತಡೆಯುವ ಸೋಸುಕ) ಇದ್ದರೆ ಅದನ್ನು 80 ಹರ್ಟ್ಸ್‌ಗೆ ಇಡಿ. ಬಾಗಿಲಿನ ಸಣ್ಣ ಸ್ಪೀಕರಿಗೆ ಹೊರಲಾಗದ ಕೆಳದನಿಯ ಭಾರ ಇದರಿಂದ ತಪ್ಪುತ್ತದೆ.

ಮಳೆಯ ಸದ್ದನ್ನು ವ್ಯಾಟ್‌ನಿಂದ ಗೆಲ್ಲಲಾಗದು. ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಅದೇ ಹಣದಲ್ಲಿ ಛಾವಣಿ ಮತ್ತು ಬಾಗಿಲುಗಳ ಒಳಮೈಗೆ ಕಂಪನ ತಗ್ಗಿಸುವ ಡ್ಯಾಂಪಿಂಗ್ ಹಾಳೆ ಅಂಟಿಸಿದರೆ ಇರುವ ಧ್ವನಿಯೇ ಚೆನ್ನಾಗಿ ಕೇಳಿಸುತ್ತದೆ. ಘಾಟಿಯ ತಿರುವುಗಳಲ್ಲಿ ಎದುರಿನ ಬಸ್ಸಿನ ಹಾರ್ನ್ ಕೇಳಿಸುವಷ್ಟು ಮಾತ್ರ ಹಾಡಿರಲಿ ಎಂಬುದು ನನ್ನ ಕಳಕಳಿಯ ವಿನಂತಿ.

ವೈರುಗಳನ್ನು ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್ (ವೈರು ಕತ್ತರಿಸದೆ ಸಿಕ್ಕಿಸುವ ಜೋಡಣೆ) ಕೇಳಿ ಹಾಕಿಸಿ. ಸ್ಪೀಕರಿನ ನೆಗೆಟಿವ್ ವೈರು ಕಾರಿನ ಲೋಹದ ಮೈಗೆ ತಗುಲಿದರೆ ಹೊಸ ಸ್ಟೀರಿಯೋ ಕೆಡಬಹುದು. ಜೋಡಣೆ ಅನಿವಾರ್ಯವಾದರೆ ಬೆಸುಗೆ ಹಾಕಿಸಿ ಮೇಲೆ ಸ್ಲೀವ್ (ರಕ್ಷಣೆಯ ಕೊಳವೆ) ತೊಡಿಸಿ, ಏಕೆಂದರೆ ಬರಿಯ ಟೇಪು ಮಲೆನಾಡಿನ ತೇವಕ್ಕೆ ಬಹುಕಾಲ ನಿಲ್ಲುವುದಿಲ್ಲ.

ನನಗೆ ವಾಸ್ತವವಾಗಿ ಚಿಂತೆಯಿರುವುದು ಏಳು ಮಳೆಗಾಲ ಕಂಡ ಆ ಸ್ಪೀಕರುಗಳ ಬಗ್ಗೆ. ಸ್ಟೀರಿಯೋ ಕೊಳ್ಳುವ ಮೊದಲೇ ಬಾಗಿಲಿನ ಒಳಕವಚ ಬಿಚ್ಚಿಸಿ, ಕೋನಿನ, ಅಂದರೆ ಸ್ಪೀಕರಿನ ಮುಂದಿನ ಅದುರುವ ಬಟ್ಟಲಿನ, ಅಂಚು ಬಿರುಕು ಬಿಟ್ಟಿದೆಯೇ ನೋಡಿ. ಸ್ಟೀರಿಯೋ ಆಫ್ ಮಾಡಿ ಕೋನನ್ನು ಬೆರಳುಗಳಿಂದ ಸಮನಾಗಿ, ಮೃದುವಾಗಿ ಒತ್ತಿದಾಗ ಕೆರೆದ ಸದ್ದು ಬಂದರೆ ಕಾಯಿಲು ಸರಿಯಿಲ್ಲವೆಂದೇ ತಿಳಿದು ಸ್ಪೀಕರನ್ನೂ ಬದಲಿಸಿ. ಮುಚ್ಚುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮೊದಲಿನಂತೆಯೇ ಅಂಟಿಸಿದ್ದಾರೆಯೇ ಎಂದು ನಿಂತು ನೋಡಿ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರನ್ನು ಒಳಬದಿಗೆ ಬಾರದಂತೆ ತಡೆಯುವುದು ಅದೇ.