ಎಣ್ಣೆ ಟಿನ್ ಮೇಲಕ್ಕೆ ಹೊರೋರ್ಯಾರು?

ಪ್ರಶ್ನೆ: ಸಾರ್, ನಮ್ದು ಗಾಣದ ಎಣ್ಣೆ ವ್ಯಾಪಾರ. ಗಾಣ ಇರೋದು ಗುಬ್ಬಿ ಹತ್ರ ಊರಲ್ಲಿ, ಆರ್ಡರ್ ಎಲ್ಲ ಫೋನು ವಾಟ್ಸಾಪಲ್ಲೇ ಬರೋದು, ಇಲ್ಲಿವರ್ಗೂ ಶಿರಾಗೇಟ್ ಕಡೆ ಮನೆ ಹಾಲಲ್ಲೇ ಬಾಟ್ಲಿ ತುಂಬಿ ಕಳಿಸ್ತಿದ್ವಿ, ಈಗ ಕಾಲಿಡಕ್ಕೆ ಜಾಗ ಇಲ್ಲ, ನಾಲ್ಕು ಜನ ಕೆಲ್ಸಕ್ಕೂ ಇದಾರೆ. ಬಿ.ಎಚ್. ರೋಡಲ್ಲಿ ಫಸ್ಟ್ ಫ್ಲೋರ್ 26 ಸಾವಿರ ಹೇಳ್ತಿದಾರೆ, ಬಟವಾಡಿ ಕಡೆ ಒಳರೋಡಲ್ಲಿ ಗ್ರೌಂಡ್ ಫ್ಲೋರ್ ಮನೆ 12 ಸಾವಿರ. ಫ್ರೆಂಡೊಬ್ಬ, ಬೆಂಗಳೂರಲ್ಲಿ ಕೋ-ವರ್ಕಿಂಗ್ (ಹತ್ತಾರು ಜನ ಹಂಚ್ಕೊಳ್ಳೋ ಬಾಡಿಗೆ ಆಫೀಸ್) ಟೇಬಲ್ ತಗೋ, ಅಡ್ರೆಸ್‌ಗೆ ತೂಕ ಬರತ್ತೆ ಅಂತಾನೆ. ಯಾವ್ದು ಹಿಡೀಲಿ?
— ಓದುಗ, ತುಮಕೂರು

ಉತ್ತರ: ಮೊದಲು ಫ್ರೆಂಡ್ ಮಾತು ಬಿಡಿ. ಜಿಎಸ್‌ಟಿ ನಂಬರ್ ಒಂದಿದ್ರೆ ಇಡೀ ಕರ್ನಾಟಕಕ್ಕೆ ನಡೆಯತ್ತೆ, ತುಮಕೂರಿಂದ ಬಿಲ್ ಹಾಕಿದ್ರೆ ಜಯನಗರದೋರು ಎಣ್ಣೆ ಬೇಡ ಅಂತಾರಾ? ಕೋ-ವರ್ಕಿಂಗ್ ಲ್ಯಾಪ್‌ಟಾಪ್ ಇಟ್ಕೊಂಡು ಕೂರೋರಿಗೆ ಸರಿ, ನಿಮ್ಮ ಟಿನ್‌ಗಳನ್ನ ಅಲ್ಲಿ ಯಾರೂ ಇಡಿಸ್ಕೊಳ್ಳಲ್ಲ.

ಬಿ.ಎಚ್. ರೋಡ್ ವಿಷ್ಯಕ್ಕೆ ಬರೋಣ. ನಿಮ್ಮ ಆಫೀಸಿಗೆ ಬರೋದು ಜನಾನಾ ಸರಕಾ? ಸರಕು ತಾನೆ. 15 ಲೀಟರ್ ಟಿನ್ ಹೊತ್ಕೊಂಡು ದಿನಾ ಮೆಟ್ಟಿಲು ಹತ್ತಿ, ಮತ್ತೆ ಅದೇ ಎಣ್ಣೆ ಬಾಟ್ಲಿ ಆಗಿ ಕೆಳಗಿಳೀಬೇಕು, ಕೆಳಗೆ ಲಗೇಜ್ ಆಟೊ ನಿಲ್ಸಕ್ಕೆ ಹೋದ್ರೆ ಹಿಂದಿಂದ ಹಾರನ್ನು. ನಾನೂ ಒಂದ್ಸಲ ರೋಡಿಗೆ ಕಾಣತ್ತೆ ಅಂತ ಲಿಫ್ಟಿಲ್ಲದ ಮೂರನೇ ಮಹಡಿ ಹಿಡಿದಿದ್ದೆ, ಪುಸ್ತಕದ ಬಂಡಲ್ ಹೊತ್ತ ಹುಡುಗ ಎರಡೇ ತಿಂಗಳಿಗೆ ಕೆಲ್ಸ ಬಿಟ್ಟ, ಬೋರ್ಡು ಓದಿ ಮೇಲೆ ಬಂದ ಗಿರಾಕಿ ಒಬ್ರೂ ಇಲ್ಲ.

ಹಂಗಾದ್ರೆ 12 ಸಾವಿರದ ಮನೆ ಹಿಡಿಯೋದಾ? ಹಿಡೀಬಹುದು, ಆದ್ರೆ ಅದು ಕಾಣೋವಷ್ಟು ಚೀಪ್ ಅಲ್ಲ. ಮನೆ ಮೀಟರ್‌ನಲ್ಲಿ ವ್ಯಾಪಾರ ನಡ್ಸಿ ಬೆಸ್ಕಾಂನೋರು ಹಿಡಿದ್ರೆ ರೇಟು ಡಬಲ್ ಹಾಕಿ ವಸೂಲಿ ಮಾಡ್ತಾರೆ, ಅದಕ್ಕೆ ಕಮರ್ಷಿಯಲ್ ಮೀಟರ್‌ಗೆ ಓನರ್ ಒಪ್ತಾರಾ ಅಂತ ಅಡ್ವಾನ್ಸ್ ಕೊಡೋ ಮುಂಚೆನೇ ಕೇಳಿ. ಪಾಲಿಕೆ ಟ್ರೇಡ್ ಲೈಸೆನ್ಸ್ ಆ ಜಾಗಕ್ಕೆ ಸಿಗತ್ತಾ ಅಂತಾನೂ ವಿಚಾರಿಸಿ. ಎಫ್ಎಸ್ಎಸ್ಎಐ, ಅಂದ್ರೆ ಆಹಾರ ವ್ಯಾಪಾರದ ಲೈಸೆನ್ಸ್, ಇರೋದು ಜಾಗಕ್ಕೆ, ಗಾಣದ ಅಡ್ರೆಸಲ್ಲಿ ಮಾಡ್ಸಿರೋದು ಇಲ್ಲಿ ಪ್ಯಾಕಿಂಗ್‌ಗೆ ಆಗಲ್ಲ, ಬೇರೆ ಮಾಡಿಸ್ಬೇಕು. ಜಿಎಸ್‌ಟಿಯಲ್ಲೂ ಈ ಅಡ್ರೆಸ್ ಸೇರ್ಸಿ, ಅದಕ್ಕೆ ಅಗ್ರಿಮೆಂಟು, ಓನರ್ ಹೆಸರಿನ ಕರೆಂಟ್ ಬಿಲ್ಲೋ ಕಂದಾಯದ ರಸೀದಿಯೋ ಬೇಕು. ಅದನ್ನ ಕೊಡಕ್ಕೆ ಹಿಂದೆಮುಂದೆ ನೋಡೋ ಓನರ್ ಆದ್ರೆ ಆ ಮನೆ ಬೇಡ.

ಇನ್ನೊಂದು ಯಾರೂ ಹೇಳಲ್ಲ. ನೀವು ಮಾಮೂಲಿ ಜಿಎಸ್‌ಟಿಯಲ್ಲಿದ್ದು ಓನರ್‌ಗೆ ಜಿಎಸ್‌ಟಿ ಇಲ್ದೇ ಇದ್ರೆ ಬಾಡಿಗೆ ಮೇಲಿನ 18% ನೀವೇ ಕಟ್ಬೇಕು, ಮನೆಗೆ 2022ರಿಂದ್ಲೇ ಇತ್ತು, 2024ರ ಅಕ್ಟೋಬರಿಂದ ಅಂಗಡಿ ಆಫೀಸಿಗೂ ಬಂತು. 12 ಸಾವಿರಕ್ಕೆ 2,160, 26 ಸಾವಿರಕ್ಕೆ 4,680. ಆಮೇಲೆ ಇನ್‌ಪುಟ್ ಕ್ರೆಡಿಟ್ ಅಂತ ನೀವು ಕಟ್ಬೇಕಾದ ಜಿಎಸ್‌ಟಿಲಿ ಹಿಡ್ಕೋಬಹುದು, ಆದ್ರೆ ಮೊದ್ಲು ಕ್ಯಾಶ್ ಹೋಗತ್ತಲ್ಲ.

ನನ್ನ ಕೇಳಿದ್ರೆ ಬಟವಾಡಿಲೇ ಇನ್ನೊಂದು ಹದಿನೈದು ದಿನ ಸುತ್ತಿ, ಎಪಿಎಂಸಿ ಆಸುಪಾಸಲ್ಲಿ ಶಟರ್ ಇರೋ ಮಳಿಗೆ ಸಿಕ್ರೆ ಬಾಗಿಲಿಗೇ ಗಾಡಿ ಬರತ್ತೆ, ಮೀಟರ್ರೂ ಕಮರ್ಷಿಯಲ್ಲೇ ಇರತ್ತೆ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ, ಬಿಸಿಲು ನೇರ ಒಳಗೆ ಹೊಡೀತಿದ್ರೆ ಬೇಡ, ಎಣ್ಣೆ ಬೇಗ ಕಮಟು ಹಿಡಿಯತ್ತೆ. ಟೇಪ್ ತಗೊಂಡ್ಹೋಗಿ ಅಳೀರಿ, 500 ಅಡಿ ಅಂತ ಹೇಳೋದ್ರಲ್ಲಿ ಗೋಡೆ, ಮೆಟ್ಟಿಲೂ ಸೇರಿರತ್ತೆ.

ಪ್ರಶ್ನೆ: ನಾನೂ ನಮ್ಮೆಜಮಾನ್ರೂ ಕ್ಯಾತ್ಸಂದ್ರದ ಮನೇಲೇ ಟ್ಯಾಕ್ಸ್ ಫೈಲಿಂಗ್ ಮಾಡ್ಕೊಡ್ತೀವಿ. ಟೌನಲ್ಲಿ ಆಫೀಸ್ ಬೇಕಾ? ಓನರ್ 11 ತಿಂಗಳ ಅಗ್ರಿಮೆಂಟ್ ಮಾತ್ರ ಅಂತಾರೆ.
— ಓದುಗಿ, ಕ್ಯಾತ್ಸಂದ್ರ

ಉತ್ತರ: ನಿಮ್ದು ಉಲ್ಟಾ ಕೇಸು ಮೇಡಂ, ನಿಮ್ಮತ್ರ ಬರೋದು ಜನ, ಅದೂ ಕೈಲಿ ಫೈಲ್ ಹಿಡ್ಕೊಂಡು. ಬಸ್ ಇಳಿದು ನಡೆದು ಬರೋ ಹಂಗೆ ಟೌನ್‌ಹಾಲ್ ಆಸುಪಾಸಲ್ಲಿ ಚಿಕ್ಕ ರೂಮ್ ಸಾಕು, ಫಸ್ಟ್ ಫ್ಲೋರ್ ಆದ್ರೂ ಪರವಾಗಿಲ್ಲ, ಆದ್ರೆ ವಯಸ್ಸಾದ ಪೆನ್ಷನ್‌ದಾರರು ಜಾಸ್ತಿ ಇದ್ರೆ ಕೆಳಗಡೇನೇ ನೋಡಿ. ಜೂನ್ ಜುಲೈನಲ್ಲಿ ಬಿಟ್ರೆ ಅಷ್ಟು ರಶ್ ಇಲ್ಲ ಅಂದ್ರೆ ಯಾರಾದ್ರೂ ವಕೀಲ್ರ ಆಫೀಸಲ್ಲೇ ಒಂದು ಟೇಬಲ್ ಶೇರ್ ಮಾಡ್ಕೊಳ್ಳಿ. 11 ತಿಂಗಳು ಯಾಕಂದ್ರೆ ವರ್ಷ ಮೀರಿದ್ರೆ ರಿಜಿಸ್ಟರ್ ಮಾಡಿಸ್ಬೇಕು, ಖರ್ಚು ಬರತ್ತೆ. ಮಾಡ್ಕೊಳ್ಳಿ, ಆದ್ರೆ ರಿನ್ಯೂವಲ್‌ಗೆ ಎಷ್ಟು ಪರ್ಸೆಂಟ್ ಏರಿಸ್ತಾರೆ, ಖಾಲಿ ಮಾಡಕ್ಕೆ ಎಷ್ಟು ತಿಂಗಳ ನೋಟಿಸು, ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ ಎಷ್ಟು ಹಿಡೀತಾರೆ, ಈ ಮೂರೂ ಅದ್ರಲ್ಲೇ ಬರೆಸಿ.